ಎಡಕ್ಕ ಹೋಗಂದ್ರ ಎಡ ಎಲ್ಲದ?

"ಏ ತಮ್ಮಾ, ಎಡಕ್ಕ ಹೊಡಿಯೋ!"

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಕೆಂಪು 'ಎಲ್' ಅಂಟಿಸಿದ ಕಾರು ಕಂಡರೆ ಸಾಕು, ಹಿಂದಿನ ಹಾರನ್ನಿನ ಜತೆ ಈ ಮಾತೂ ಕೇಳಿಬರುತ್ತದೆ. ಬಸ್ಸಿನವರಿಗೆ ಮನೆ ಸೇರುವ ಅವಸರ. ಕಲಿಯುವವನಿಗೋ ಸ್ಟೇರಿಂಗ್ ಹಿಡಿದ ಕೈಯಲ್ಲಿ ಬೆವರು. ಪಾಪ, ಅವನು ಎಡಕ್ಕೆ ಹೋಗಬೇಕೆಂದರೂ ಎಡ ಎಲ್ಲಿದೆ? ಅಲ್ಲಿ ತಳ್ಳುಗಾಡಿ, ಅದರ ಪಕ್ಕ ಅಂಗಡಿಯ ಸಾಮಾನು, ಅದರ ಮುಂದೆ ಗಿರಾಕಿಯ ಬೈಕು! ಕಾನೂನು ಕೊಟ್ಟ ಎಡವನ್ನು ಊರೇ ಕಿತ್ತುಕೊಂಡಿದೆ.

ಹೀಗೆ ನಡುರಸ್ತೆಯಲ್ಲೇ ಪಾಠ ಕಲಿತವನು ನಾಳೆ ಹುಮನಾಬಾದ್ ರಿಂಗ್ ರೋಡ್ ದಾಟಿ ಕಮಲಾಪುರದ ಹಾದಿ ಹಿಡಿಯುತ್ತಾನೆ. ಅಲ್ಲಿ ಎಡಗಡೆ ಖಾಲಿ ಇದ್ದರೂ ನಡುವಿನ ಚಟ ಬಿಡದು. ಎದುರಿಗೆ ಲಾರಿ ಬಂತೆಂದು ಗಾಬರಿಯಿಂದ ಎಡಕ್ಕೆ ಎಳೆದರೆ ಚಕ್ರ ಡಾಂಬರು ಬಿಟ್ಟು ಕೆಳಗಿಳಿಯುತ್ತದೆ. ಮತ್ತೆ ಬಲಕ್ಕೆ ಎಳೆದನೋ, ಲಾರಿಯ ಬಾಯಿಗೇ ಹೋದಂತೆ. 2022ರ ಜೂನ್ 3ರಂದು ಕಮಲಾಪುರದ ಬಳಿ ಖಾಸಗಿ ಬಸ್ಸು ಸರಕು ವಾಹನಕ್ಕೆ ಡಿಕ್ಕಿಯಾಗಿ ಹೊತ್ತಿ ಉರಿದದ್ದನ್ನು, ಪ್ರಯಾಣಿಕರು ಸಜೀವ ದಹನವಾದದ್ದನ್ನು ಜನ ಮರೆತಿಲ್ಲ. ಅದು ಕಲಿಯುವವರ ತಪ್ಪಲ್ಲ, ನಿಜ. ಆದರೆ ಅಂಥ ಹೆದ್ದಾರಿಗೆ ಅರ್ಧಂಬರ್ಧ ಕಲಿತವನನ್ನು ಬಿಡುವುದು ಯಾವ ಜಾಣತನ?

ನಿಯಮ ಏನೂ ಕಠಿಣವಲ್ಲ. ಎಡಕ್ಕಿರು ಅಂದರೆ ಗಟಾರದಾಗ ಇಳಿ ಅಂತಲ್ಲ. ಅಂಚಿನಿಂದ ತುಸು ಜಾಗ ಬಿಟ್ಟು ಎಡಭಾಗದಲ್ಲೇ ನೇರವಾಗಿ ಸಾಗಬೇಕು. ಎಡಕ್ಕೆ ತಿರುಗುವವನು ಮೊದಲಿನಿಂದಲೂ ಎಡಕ್ಕಂಟಿರಬೇಕು. ಬಲಕ್ಕೆ ತಿರುಗುವವನು ಮುಂಚಿತವಾಗಿ ಕನ್ನಡಿ ನೋಡಿ, ಸಿಗ್ನಲ್ ಕೊಟ್ಟು, ರಸ್ತೆಯ ನಡುಗೆರೆಯ ಹತ್ತಿರ ಬಂದು, ತಿರುಗಿದ ಮೇಲೆ ಹೊಸ ರಸ್ತೆಯ ಎಡಭಾಗ ಸೇರಬೇಕು. ಕಣ್ಣು ಬಾನೆಟ್ಟಿನ ಮೇಲಲ್ಲ, ದೂರದ ರಸ್ತೆಯ ಮೇಲಿರಬೇಕು. ಕಣ್ಣು ನೆಟ್ಟ ಕಡೆಗೇ ಗಾಡಿ ಹೋಗುತ್ತದೆ.

ಕಲಿಕಾ ಲೈಸೆನ್ಸ್ ಬಂದು 30 ದಿನ ಕಳೆದರೆ ಪರೀಕ್ಷೆಗೆ ಹೋಗಬಹುದು. ಆ ದಿನಗಳೆಲ್ಲ ಗೇರು, ಕ್ಲಚ್ಚು, ರಿವರ್ಸಿನಲ್ಲೇ ಮುಗಿದರೆ ರಸ್ತೆಯ ಮೇಲೆ ಜಾಗ ಹಿಡಿಯುವುದನ್ನು ಕಲಿಸುವವರಾರು? ಪಕ್ಕದಲ್ಲಿ ಲೈಸೆನ್ಸುಳ್ಳವನು ಕೂಡಲೇಬೇಕೆಂಬ ಕಾನೂನಿದೆ. ಅವನು ಬೀಡಾ ಜಗಿಯುತ್ತ ಕೂತರೆ ಏನು ಪ್ರಯೋಜನ? ಡ್ರೈವಿಂಗ್ ಸ್ಕೂಲಿನವರು ಮೊದಲ ಪಾಠ ಬೆಳಗಿನ ಖಾಲಿ ರಸ್ತೆಯಲ್ಲಿ ಕೊಡಲಿ. ಸಂತೆ ನೆರೆದ ಹೊತ್ತಿಗೆ ಮಾರ್ಕೆಟ್ಟಿಗೆ ತರುವುದು ಬೇಡ.

ಇನ್ನು ಅಂಗಡಿಕಾರರೂ ಒಂದಿಷ್ಟು ಮನಸ್ಸು ಮಾಡಬೇಕು. ಸಾಮಾನು ಒಳಗೆ ಸರಿದರೆ ವ್ಯಾಪಾರವೇನೂ ಮುಳುಗದು. ಪಾಲಿಕೆಯವರು, ಸಂಚಾರಿ ಪೊಲೀಸರು ವರ್ಷಕ್ಕೊಮ್ಮೆ ಸಪ್ತಾಹ ಆಚರಿಸುವ ಬದಲು ದಿನಾ ಒಂದು ಸುತ್ತು ಹಾಕಲಿ. ನಾಳೆ ಆ 'ಎಲ್' ಕಾರಿನಲ್ಲಿ ಕೂತವನು ಅಂಗಡಿಕಾರನ ಮಗನೇ ಆಗಿರಬಹುದಲ್ಲವೇ?