ಆಂಗಲ್ ಕೊಳ್ಳುವಾಗ ತೂಕವೊಂದೇ ಸಾಲದು



ಕೊಕ್ಕನೂರು, ಹರಿಹರದ ಆಸುಪಾಸಿನಲ್ಲಿ ಅಡಿಕೆ ತೋಟಗಳು ಹೆಚ್ಚಿದಂತೆ ಅಟ್ಟ, ಶೆಡ್ಡುಗಳೂ ಹೆಚ್ಚಿವೆ. ಮರದ ಕಂಬದ ಜಾಗಕ್ಕೆ ಕಬ್ಬಿಣದ ಆಂಗಲ್ ಬಂದಿದೆ. ಒಳ್ಳೆಯದೇ. ಆದರೆ ಕಿಲೋಗೆ ಎಷ್ಟು ಎಂದು ಕೇಳುವ ನಾವು, ಅದು ಆಸರೆಯಿಲ್ಲದೆ ಎಷ್ಟು ಉದ್ದ ನಿಲ್ಲಬೇಕು ಎಂದು ಕೇಳುವುದಿಲ್ಲ.

ಈ ತಪ್ಪನ್ನು ನಾವೂ ಮಾಡಿದ್ದೇವೆ. ನಮ್ಮ ಅಟ್ಟಕ್ಕೆ 50×50×6 ಮಿ.ಮೀ. ಆಂಗಲನ್ನು 3 ಮೀಟರ್ ಎತ್ತರಕ್ಕೆ ನಿಲ್ಲಿಸಿ ಮೇಲೆ ಅಡಿಕೆ ಚೀಲ ಪೇರಿಸಿದೆವು. ಎರಡನೆಯ ವರ್ಷವೇ ಎರಡು ಕಂಬ ಬಿಲ್ಲಿನಂತೆ ಬಾಗಿದವು. ಆಗ ಕೆಳಗೆ ಆಳುಗಳಿರಲಿಲ್ಲ, ಅದೇ ಪುಣ್ಯ. ಕಬ್ಬಿಣ ಕಳಪೆಯೆಂದು ಬೈದೆವು. ಕಬ್ಬಿಣದಲ್ಲಿ ದೋಷವಿರಲಿಲ್ಲ.

ದೋಟಿಯನ್ನೇ ನೋಡಿ. ಗೊನೆಗೆ ಸಿಕ್ಕಿಸಿ ಎಳೆದರೆ ನೆಟ್ಟಗಿರುತ್ತದೆ. ಮೇಲಕ್ಕೆ ಒತ್ತಿದರೆ ನಡುವೆ ಬಾಗುತ್ತದೆ. ಆಂಗಲ್ಲಿನ ಗುಣವೂ ಅದೇ. ಮೇಲೆ ಹೇಳಿದ ಆಂಗಲ್ ಸುಮಾರು 14 ಟನ್ ಎಳೆತಕ್ಕೂ ಮಣಿಯದು. ಅದನ್ನೇ 3 ಮೀಟರ್ ಕಂಬವಾಗಿಸಿ ಭಾರ ಹೊರಿಸಿದರೆ, ಲೆಕ್ಕದ ಪ್ರಕಾರ 1 ಟನ್ನಿಗಿಂತ ತುಸು ಹೆಚ್ಚಿನಲ್ಲೇ ಬಾಗುತ್ತದೆ. ಈ ಲೆಕ್ಕದ ಸೂತ್ರವನ್ನು ಗಣಿತಜ್ಞ ಆಯ್ಲರ್ 1744ರಲ್ಲೇ ಕೊಟ್ಟಿದ್ದಾನೆ: ಉದ್ದ ಇಮ್ಮಡಿಯಾದರೆ ಶಕ್ತಿ ಕಾಲುಭಾಗ. ಇದನ್ನು ತಿರುಗಿಸಿ ಓದಿದರೆ ನಮಗೆ ಲಾಭ. ನಡುವೆ ಒಂದು ಅಡ್ಡಪಟ್ಟಿ ಕಟ್ಟಿದರೆ ಅದೇ ಕಂಬ ನಾಲ್ಕೂವರೆ ಟನ್ನಿಗೆ ಬರುತ್ತದೆ. ಇದು ಕಾಗದದ ಲೆಕ್ಕ. ಕಂಬ ಸ್ವಲ್ಪ ಡೊಂಕಿದ್ದರೂ, ಭಾರ ಒಂದೇ ರೆಕ್ಕೆಯ ಮೇಲೆ ಬಿದ್ದರೂ ಇನ್ನೂ ಕಡಿಮೆಯೇ.

ಆಂಗಲ್ ಬಾಗುವುದು ತನ್ನ ದುರ್ಬಲ ದಿಕ್ಕಿಗೆ, ಅಂದರೆ ಓರೆಯಾಗಿ. ಆದ್ದರಿಂದ ಪಟ್ಟಿಯನ್ನು ಎರಡೂ ದಿಕ್ಕಿಗೆ ಕಟ್ಟಬೇಕು. ಭಾರ ಹೊರುವ ಕಂಬದ ಉದ್ದವು ದುರ್ಬಲ ದಿಕ್ಕಿನ ತ್ರಿಜ್ಯದ 180 ಪಟ್ಟು ಮೀರಬಾರದೆಂದು 2007ರ ಭಾರತೀಯ ಮಾನಕ 800 ಹೇಳುತ್ತದೆ. ನಮ್ಮ ಆಂಗಲ್ಲಿಗೆ ಈ ತ್ರಿಜ್ಯ 9.6 ಮಿ.ಮೀ.; ಮಿತಿ ಸುಮಾರು 1.7 ಮೀಟರ್. ನಾವು ನಿಲ್ಲಿಸಿದ್ದು 3 ಮೀಟರ್!

ದೊಡ್ಡವರೂ ಇಲ್ಲಿ ಎಡವಿದ್ದಾರೆ. 1907ರಲ್ಲಿ ಕೆನಡಾದ ಕ್ವಿಬೆಕ್ ಸೇತುವೆ ಕಟ್ಟುವಾಗಲೇ ಅದರ ಒತ್ತಡದ ಅಂಗಗಳು ಬಾಗಿ, 75 ಕೆಲಸಗಾರರು ಸತ್ತರು.

ಅಡಿಕೆ ಅಟ್ಟವಿರಲಿ, ಕಾಫಿ ಗೋದಾಮಿರಲಿ, ಸಂಘದ ಸಾಲಕ್ಕೆ ಬರುವ ಅಂದಾಜು ಪಟ್ಟಿಯಲ್ಲಿ ಕಿಲೋ ದರದ ಜೊತೆಗೆ ಪ್ರತಿ ಕಂಬದ ಆಸರೆಯಿಲ್ಲದ ಉದ್ದವೂ, ಇಂಜಿನಿಯರ ರುಜುವೂ ಇರಬೇಕೆಂಬುದು ನಮ್ಮ ಅಭಿಪ್ರಾಯ. ಖರ್ಚು ಹೆಚ್ಚುತ್ತದೆ ಎನ್ನುವವರಿದ್ದಾರೆ. ಅಡ್ಡಪಟ್ಟಿಗೆ ಬೇಕಾದದ್ದು ಕೆಲವು ಕಿಲೋ ಕಬ್ಬಿಣ. ಅಟ್ಟದ ಕೆಳಗೆ ಓಡಾಡುವುದು ನಮ್ಮ ಮನೆಯ ಜನ.