ಎರಡನೇ ಟೇಕ್

ತೆರೆಯ ಮೇಲೆ ವಿಮಾನ ಬಂತೆಂದರೆ ನಮ್ಮ ಗಾಂಧಿ ಕ್ಲಾಸ್ ಮಿತ್ರರಿಗೆ ಹಬ್ಬ! ಆಕಾಶದಲ್ಲಿ ಪಲ್ಟಿ ಹೊಡೆದರೆ ಶಿಳ್ಳೆ, ಮೋಡ ಸೀಳಿದರೆ ಚಪ್ಪಾಳೆ. ಇಳಿಯುವಾಗ ಮಾತ್ರ ಎಲ್ಲರೂ ಕಡಲೆಕಾಯಿ ಬಿಡಿಸ್ತಾ ಕೂತಿರ್ತಾರೆ. ನಾನು ಹೇಳೋದು ಕೇಳಿ ಗುರುಗಳೇ, ನಿಜವಾದ ಗಂಡಾಂತರ ಇರೋದು ಅಲ್ಲೇ. ಮೇಲೆ ಹಿಡಿತ ತಪ್ಪಿದರೆ ಸರಿಮಾಡಿಕೊಳ್ಳೋಕೆ ಎತ್ತರ ಇರತ್ತೆ. ನೆಲ ಮುಟ್ಟುವಾಗ ವೇಗವೂ ಕಮ್ಮಿ, ಎತ್ತರವೂ ಇಲ್ಲ.

ಪಾಲ್ ಮ್ಯಾಂಟ್ಜ್‌ಗಿಂತ ಇದನ್ನು ಚೆನ್ನಾಗಿ ತಿಳಿದವರು ಹಾಲಿವುಡ್‌ನಲ್ಲಿ ಯಾರಿದ್ದರು? 1949ರ 'ಟ್ವೆಲ್ವ್ ಓ'ಕ್ಲಾಕ್ ಹೈ' ಚಿತ್ರಕ್ಕಾಗಿ ನಾಲ್ಕು ಎಂಜಿನ್ನಿನ ಬಿ-17 ಬಾಂಬರನ್ನು ಒಬ್ಬನೇ ಕೂತು ಹೊಟ್ಟೆಯ ಮೇಲೆ ಇಳಿಸಿ, ನೆಲದುದ್ದಕ್ಕೂ ಜಾರಿಸಿ, ನೆಟ್ಟಗೆ ಎದ್ದು ಬಂದ ಭೂಪ!

1965ರಲ್ಲಿ ಬಂತು 'ದಿ ಫ್ಲೈಟ್ ಆಫ್ ದಿ ಫೀನಿಕ್ಸ್'. ನಿರ್ದೇಶಕ ರಾಬರ್ಟ್ ಆಲ್ಡ್ರಿಚ್, ನಾಯಕ ಜೇಮ್ಸ್ ಸ್ಟುವರ್ಟ್. ಮರಳುಗಾಡಿನಲ್ಲಿ ಬಿದ್ದ ವಿಮಾನದ ತುಂಡುಗಳಿಂದಲೇ ಒಂದು ಪುಟ್ಟ ವಿಮಾನ ಕಟ್ಟಿ ಪಾರಾಗುವ ಕಥೆ. ಶೂಟಿಂಗಿಗೂ ಅಂಥದ್ದನ್ನೇ ಕಟ್ಟಿಸಿದರು. ರೆಕ್ಕೆ ಒಂದರದು, ಎಂಜಿನ್ ಇನ್ನೊಂದರದು! ಮ್ಯಾಂಟ್ಜ್‌ನ ಪಾಲುದಾರ ಫ್ರಾಂಕ್ ಟಾಲ್‌ಮನ್ ಅದನ್ನು ಹಾರಿಸಬೇಕಿತ್ತು. ಅವನ ಕಾಲಿಗೆ ಪೆಟ್ಟಾಗಿತ್ತು (ಆಮೇಲೆ ಆ ಕಾಲನ್ನೇ ತೆಗೆಯಬೇಕಾಯ್ತು, ಪಾಪ). ಹಾಗಾಗಿ 61ರ ಮ್ಯಾಂಟ್ಜ್ ತಾನೇ ಹತ್ತಿದ.

ಈಗ ಕ್ಯಾಮರಾದ ಗುಟ್ಟು ಕೇಳಿ. ವಿಮಾನ ಮರಳಿನಿಂದ ಮೇಲೇಳೋ ಹಾಗೆ ತೋರಿಸಬೇಕು. ಅದಕ್ಕೆ ಮಾಡಿದ್ದೇನು? ಹಾರುತ್ತಾ ಬಂದು, ನೆಲ ಮುಟ್ಟಿ, ನಿಲ್ಲದೆ ಹಾಗೇ ಏರೋದು. ಅಂದ್ರೆ ಪ್ರೇಕ್ಷಕನ ಕಣ್ಣಿಗೆ ಏರಿಕೆ, ಪೈಲಟ್‌ಗೆ ಇಳಿಕೆ!

ಜುಲೈ 8ರ ಬೆಳಿಗ್ಗೆ, ಯೂಮಾ ಹತ್ತಿರದ ಮರಳುಗಾಡು. ಒಂದು ಟೇಕ್ ಆಗಿತ್ತು. ಎರಡನೆಯದಕ್ಕೆ ಮ್ಯಾಂಟ್ಜ್ ತಿರುಗಿ ಬಂದ. ಅವನ ಬೆನ್ನ ಹಿಂದೆ ಸ್ಟಂಟ್‌ಮನ್ ಬಾಬಿ ರೋಸ್ ನಿಂತಿದ್ದ. ವಿಮಾನ ಒಂದು ಸಣ್ಣ ದಿಬ್ಬಕ್ಕೆ ತಾಗಿತು. ಮ್ಯಾಂಟ್ಜ್ ಎಂಜಿನ್ನಿಗೆ ಪೂರ್ತಿ ಶಕ್ತಿ ಕೊಟ್ಟು ಎತ್ತಲು ನೋಡಿದ. ಒತ್ತಡ ತಾಳದೆ ವಿಮಾನ ಎರಡು ತುಂಡಾಗಿ ಮೂತಿ ನೆಲಕ್ಕೆ ಹೊಡೀತು. ಮ್ಯಾಂಟ್ಜ್ ಅಲ್ಲೇ ಸತ್ತ. ರೋಸ್‌ಗೆ ಭಾರಿ ಗಾಯ, ಜೀವ ಉಳಿಯಿತು.

ಇದು ಬರೆಯುವಾಗ ನನಗೆ ನಮ್ಮ ಅನಿಲ್, ಉದಯ್ ನೆನಪಾದರು. 2016ರ ನವೆಂಬರ್ 7ರಂದು 'ಮಾಸ್ತಿ ಗುಡಿ' ಶೂಟಿಂಗಿನಲ್ಲಿ ಹೆಲಿಕಾಪ್ಟರ್‌ನಿಂದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹಾರಿ ಮುಳುಗಿದ ಹುಡುಗರು. ಹೀರೋಗಳ ಹುಟ್ಟುಹಬ್ಬಕ್ಕೆ ಕಟೌಟಿಗೆ ಹಾಲು ಸುರಿಯೋ ನಾವು ಇವರ ತಾರೀಕು ನೆನಪಿಟ್ಟಿದ್ದೇವಾ?

ಫೀನಿಕ್ಸ್‌ನ ಬಾಕಿ ಶಾಟ್‌ಗಳನ್ನು ಬೇರೊಂದು ಹಳೇ ವಿಮಾನ ತಂದು ಮುಗಿಸಿದರು. ಚಿತ್ರ ಅದೇ ಡಿಸೆಂಬರ್‌ನಲ್ಲಿ ತೆರೆಗೆ ಬಂತು. ಎಲ್ಲಾದರೂ ಸಿಕ್ಕರೆ ನೋಡಿ. ಕಥೆ ಮುಗೀತು ಅಂತ ಚಪ್ಪಲಿ ಹುಡುಕಬೇಡ್ರಪ್ಪಾ, ಕೂತಿರಿ. ಮ್ಯಾಂಟ್ಜ್ ಹೆಸರು ಬರೋದು ಕೊನೆಗೆ.