ತಮಾಷೆ ಬಂಗ್ಲೆಯ ಬಾಗಿಲು ಹೋಬಳಿಯ ಕಡೆಗೆ ತೆರೆಯಲಿ

ಕನ್ನಡ ನಾಡು ಒಂದಾಯಿತೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಮುಂಬಯಿ, ಹೈದರಾಬಾದು, ಮದರಾಸು, ಕೊಡಗು, ಮೈಸೂರು ಎಂದು ಹರಿದು ಹಂಚಿಹೋಗಿದ್ದ ಸೀಮೆಗಳು 1956ನೆಯ ನವೆಂಬರು 1ನೆಯ ತಾರೀಖು ಒಂದೇ ಆಡಳಿತದ ಕೆಳಗೆ ಬಂದುವು. 1973ರಲ್ಲಿ ಕರ್ನಾಟಕವೆಂಬ ಹೆಸರೂ ಬಂದಿತು. ಕಾಸರಗೋಡು ಹೊರಗುಳಿದ ನೋವು ಬೇರೆ. ಆದರೆ ಗಡಿಗಳನ್ನು ಕೂಡಿಸುವುದು ಕಾಯಿದೆಯಿಂದ ಆಗುವ ಕೆಲಸ. ಮನಸ್ಸುಗಳನ್ನು ಕೂಡಿಸುವುದು ಕಾಯಿದೆಯಿಂದ ಆಗತಕ್ಕದ್ದಲ್ಲ. ಆಲೂರ ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಪ್ರಕಟಿಸಿದುದು ಪಾಂಡಿತ್ಯ ಪ್ರದರ್ಶನಕ್ಕಾಗಿ ಅಲ್ಲ. ಹಿರಿಯರ ಕೃತ್ಯಗಳನ್ನೇ ಅರಿಯದ ಜನಕ್ಕೆ ತಾವೆಲ್ಲರೂ ಒಂದೇ ಜನವೆಂಬ ಭಾವನೆ ಹೇಗೆ ಹುಟ್ಟೀತು?

ಈ ಪ್ರಶ್ನೆಯನ್ನು ತ್ಯಾಮಗೊಂಡ್ಲಿನ ಮಹನೀಯರ ಮುಂದೆ ಇಡುತ್ತೇವೆ. ತ್ಯಾಮಗೊಂಡ್ಲು ಹೋಬಳಿಯಲ್ಲಿ ಮಣ್ಣೆಯೆಂಬ ಗ್ರಾಮವಿದೆ. ಇಂದು ಅಲ್ಲಿ ಕಾಣುವುದು ಹೊಲ, ಕೆರೆ, ಶಿಥಿಲವಾದ ಗುಡಿಗಳು. ಎಂಟನೆಯ ಶತಮಾನದಲ್ಲಿ ಅದು ಮಾನ್ಯಪುರ. ಗಂಗರ ಶ್ರೀಪುರುಷನ ರಾಜಧಾನಿ. ಅಲ್ಲಿ ದೊರೆತ ತಾಮ್ರಶಾಸನಗಳಲ್ಲಿ ಒಂದು ಕ್ರಿ.ಶ. 797ರದು. ಗಂಗ ಮಾರಸಿಂಹನ ದಂಡನಾಯಕ ಶ್ರೀವಿಜಯನು ಮಾನ್ಯಪುರದಲ್ಲಿ ಬಸದಿಯೊಂದನ್ನು ಕಟ್ಟಿಸಿದನೆಂದು ಅದು ಸಾರುತ್ತದೆ. ಇನ್ನೊಂದು 802ರದು. ರಾಷ್ಟ್ರಕೂಟ ಮೂರನೆಯ ಗೋವಿಂದನ ಅಣ್ಣ ಕಂಭನು ಅದೇ ಬಸದಿಗೆ ದತ್ತಿಯಿತ್ತುದನ್ನು ಅದು ಹೇಳುತ್ತದೆ. ಮುಂದೆ ಕಲಬುರಗಿ ಸೀಮೆಯ ಮಾನ್ಯಖೇಟದಲ್ಲಿ, ಅಂದರೆ ಇಂದಿನ ಮಳಖೇಡದಲ್ಲಿ, ನೆಲೆಗೊಂಡು ಆಳಿದ ಮನೆತನವದು. ಮಾನ್ಯಖೇಟದವರ ಕೈ ಮಾನ್ಯಪುರದ ಧರ್ಮಕಾರ್ಯಕ್ಕೆ ನೀಡಿತು! ಏಕೀಕರಣಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿಯನ್ನು ಯಾವ ವಕೀಲನು ತಂದಾನು? ಬಿ. ಎಲ್. ರೈಸರು ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟವನ್ನು ಹೊರತಂದುದು 1905ರಲ್ಲಿ. ಶತಮಾನವೇ ಕಳೆಯಿತು. ಮಣ್ಣೆಯ ಸುತ್ತಿನ ಶಾಲೆಗಳಲ್ಲಿ ಎಷ್ಟು ಮಕ್ಕಳು ಆ ಶಾಸನಗಳ ಪಡಿಯಚ್ಚನ್ನು ಕಣ್ಣಿನಿಂದ ಕಂಡಿದ್ದಾರೆ? ದೀಪದ ಬುಡದಲ್ಲಿ ಕತ್ತಲೆಯೆಂಬುದು ಇದೇ ಅಲ್ಲವೇ?

ಪ್ರಾಚೀನ ವಸ್ತುಗಳಿಗೆ ಮ್ಯೂಸಿಯಂ ಇದೆಯಲ್ಲವೇ ಎಂದು ಕೆಲವರು ಹೇಳುತ್ತಾರೆ. ಇದೆ. ಬೆಂಗಳೂರಿನಲ್ಲಿ 1865ರಷ್ಟು ಹಿಂದೆಯೇ ಸರ್ಕಾರಿ ಮ್ಯೂಸಿಯಂ ಹುಟ್ಟಿತು. 1877ರಲ್ಲಿ ಕಬ್ಬನ್ ಉದ್ಯಾನದ ಕೆಂಪು ಕಟ್ಟಡಕ್ಕೆ ಬಂದಿತು. ಆ ಕಾಲದ ಜನ ಅದನ್ನು ‘ತಮಾಷೆ ಬಂಗ್ಲೆ’ ಎಂದು ಕರೆದರು. ವಿದ್ವಾಂಸರು ಈ ಹೆಸರನ್ನು ಕೇಳಿ ನಗಬಹುದು. ನಾವು ನಗುವುದಿಲ್ಲ. ಜನ ಅಲ್ಲಿಗೆ ಕುತೂಹಲದಿಂದ ನುಗ್ಗಿದರೆಂಬುದಕ್ಕೆ ಅದು ಗುರುತು. ಆ ಕುತೂಹಲಕ್ಕೆ ಅರ್ಥವನ್ನು ಒದಗಿಸುವುದು ಬಲ್ಲವರ ಹೊಣೆಯಾಗಿತ್ತು. ಆತಕೂರಿನ ವೀರಗಲ್ಲು ಆ ಮ್ಯೂಸಿಯಮ್ಮಿನ ಸೊತ್ತು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನಿಗಾಗಿ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದುದೂ, ಕಾಳಿಯೆಂಬ ಬೇಟೆನಾಯಿ ಹಂದಿಯೊಡನೆ ಹೋರಾಡಿ ಮಡಿದುದೂ ಆ ಒಂದೇ ಕಲ್ಲಿನಲ್ಲಿವೆ. ಚಕ್ರವರ್ತಿಯ ಜಯ, ಒಂದು ನಾಯಿಯ ನಿಷ್ಠೆ, ಎರಡಕ್ಕೂ ಒಂದೇ ಕಲ್ಲನ್ನು ನಿಲ್ಲಿಸಿದ ಜನ ನಾವು. ಈ ಕಥೆಯನ್ನು ಒಮ್ಮೆ ಕೇಳಿದ ಬಾಲಕನು ಅದನ್ನು ಜನ್ಮದಲ್ಲಿ ಮರೆಯಲಾರ. ಆದರೆ ಚೀಟಿಯಲ್ಲಿ ಬರೆದ ಎರಡು ಸಾಲು ಕಥೆ ಹೇಳಲಾರದು. ಹೇಳುವ ಬಾಯಿ ಬೇಕು.

ಇನ್ನು ಉತ್ಸವಗಳ ಮಾತು. ಏಪ್ರಿಲ್ 18 ವಿಶ್ವ ಪರಂಪರೆಯ ದಿನ. ಮೇ 18, 1977ರಿಂದ ಲೋಕವೆಲ್ಲ ಆಚರಿಸುವ ಮ್ಯೂಸಿಯಂ ದಿನ. ನವೆಂಬರು 19ರಿಂದ 25ರವರೆಗೆ ಪರಂಪರೆಯ ಸಪ್ತಾಹ. ಬಹಳ ಸಂತೋಷ! ಆದರೆ ಈ ತಾರೀಖುಗಳನ್ನು ನಮ್ಮ ಪಂಚಾಂಗದ ಪಕ್ಕದಲ್ಲಿಟ್ಟು ನೋಡಿರಿ. ಏಪ್ರಿಲ್ ಮೇ ತಿಂಗಳುಗಳಲ್ಲಿ ಶಾಲೆಗಳಿಗೆ ಬೇಸಗೆಯ ರಜ, ಉಪಾಧ್ಯಾಯರಿಲ್ಲ, ಮಕ್ಕಳಿಲ್ಲ. ನವೆಂಬರಿನಲ್ಲಿ ನಮ್ಮ ಬಯಲು ಸೀಮೆಯ ರಾಗಿಯ ಕೊಯ್ಲು. ರೈತನ ಮನೆಯಲ್ಲಿ ಕೈ ಬಿಡುವಿಲ್ಲ. ಹೊರಲೋಕದ ತಾರೀಖುಗಳನ್ನು ಪಾಲಿಸಬೇಡಿರೆಂದು ನಾವು ಹೇಳುವುದಿಲ್ಲ. ಅವುಗಳಿಂದಲೇ ಕರ್ತವ್ಯ ಮುಗಿಯಿತೆಂದು ತಿಳಿಯಬೇಡಿರೆನ್ನುತ್ತೇವೆ.

ನಮ್ಮ ಹಿರಿಯರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದಲ್ಲಿ ಪುಷ್ಯ ಶುದ್ಧ ಷಷ್ಠಿಯ ರಥೋತ್ಸವ, ಅದರೊಡನೆ ದನಗಳ ಜಾತ್ರೆ. ಯಾರೂ ಆಹ್ವಾನಪತ್ರಿಕೆ ಹಂಚುವುದಿಲ್ಲ. ಸಾವಿರಾರು ಜನ ತಾವಾಗಿ ನೆರೆಯುತ್ತಾರೆ. ಮೈಸೂರಿನ ದಸರಾ ವಸ್ತುಪ್ರದರ್ಶನವು ಜನರನ್ನು ಸೆಳೆಯುವುದೂ ಹಬ್ಬದ ಕಾಲಕ್ಕೆ ಸರಿಯಾಗಿ ತೆರೆಯುವುದರಿಂದಲೇ. ಜನ ನೆರೆಯುವ ಕಾಲದಲ್ಲಿ, ಜನ ನೆರೆಯುವ ಸ್ಥಳಕ್ಕೆ ವಿದ್ಯೆಯನ್ನು ಕೊಂಡೊಯ್ಯಬೇಕೇ ಹೊರತು, ವಿದ್ಯೆಯನ್ನು ಪೆಟ್ಟಿಗೆಯಲ್ಲಿಟ್ಟು ಜನ ಬರಲಿಲ್ಲವೆಂದು ಕೊರಗುವುದು ನ್ಯಾಯವಲ್ಲ.

ಆಕ್ಷೇಪಗಳನ್ನು ಬಲ್ಲೆವು. ಮೂಲವಸ್ತುಗಳನ್ನು ಊರೂರು ಸುತ್ತಿಸಿದರೆ ಕೆಡುತ್ತವೆ ಎನ್ನುವರು. ಒಪ್ಪಿದೆವು, ಮೂಲವನ್ನು ಕೇಳಿದವರಾರು? ಕಾಗದದ ಮೇಲೆ ಒತ್ತಿದ ಪಡಿಯಚ್ಚು, ಗಾರೆಯ ಪ್ರತಿಕೃತಿ, ಛಾಯಾಚಿತ್ರ, ಹಳಗನ್ನಡ ಓದಬಲ್ಲ ಒಬ್ಬ ಪಂಡಿತ, ಇಷ್ಟು ಸಾಕು. ಹಳ್ಳಿಯವರಿಗೆ ಇದರಲ್ಲಿ ಅಭಿರುಚಿಯಿಲ್ಲವೆನ್ನುವರು. ಊರ ಮುಂದಿನ ವೀರಗಲ್ಲಿಗೆ ಅರಿಸಿನ ಕುಂಕುಮವಿಟ್ಟು ಇಂದಿಗೂ ಕಾಪಾಡಿಕೊಂಡು ಬಂದವರು ಯಾರು? ಹಣವಿಲ್ಲವೆನ್ನುವರು. ಒಂದು ಬಂಡಿಯಲ್ಲಿ ಹಿಡಿಯುವ ಪ್ರದರ್ಶನಕ್ಕೆ ಬೇಕಾದುದು ಹಣಕ್ಕಿಂತ ಹೆಚ್ಚಾಗಿ ಮನಸ್ಸು.

ಕಾಯಿದೆಯ ಮಾತನ್ನೂ ಆಡಿಬಿಡೋಣ. ಸ್ಮಾರಕಗಳ ರಕ್ಷಣೆ ಸರ್ಕಾರದ ಹೊಣೆಯೆಂದು ಸಂವಿಧಾನದ 49ನೆಯ ವಿಧಿ ಹೇಳುತ್ತದೆ. ನಾಡಿನ ಸಂಸ್ಕೃತಿಯ ಪರಂಪರೆಯನ್ನು ಗೌರವಿಸಿ ಕಾಪಾಡುವುದು ಪ್ರಜೆಯ ಕರ್ತವ್ಯವೆಂದು 1976ರಲ್ಲಿ ಸೇರಿದ 51ಎ ವಿಧಿ ಹೇಳುತ್ತದೆ. ಕಾಣದ ವಸ್ತುವನ್ನು ಗೌರವಿಸೆಂದು ಪ್ರಜೆಗೆ ವಿಧಿಸುವುದು ಯಾವ ನ್ಯಾಯ? ಪ್ರಜೆಗೆ ಕರ್ತವ್ಯವಿದ್ದರೆ ಆ ವಸ್ತುವನ್ನು ಕಾಣುವ ಹಕ್ಕೂ ಅದರ ಬೆನ್ನಿಗೇ ಇರಬೇಕು. ಮ್ಯೂಸಿಯಂ ಆ ವಸ್ತುಗಳ ಒಡೆಯನಲ್ಲ, ನ್ಯಾಸಧಾರಿ, ಒಡೆಯರು ಜನ.

ಆದುದರಿಂದ ನಮ್ಮ ಬೇಡಿಕೆ ಸ್ಪಷ್ಟವಾಗಿದೆ. ಒಕ್ಕಣೆ ಮುಗಿದ ಮೇಲೆ, ಸಂಕ್ರಾಂತಿಯಿಂದ ಶಿವರಾತ್ರಿಯವರೆಗೆ, ಪ್ರತಿ ವರ್ಷವೂ ಸಂಚಾರಿ ಪ್ರದರ್ಶನವೊಂದು ಹೋಬಳಿ ಹೋಬಳಿಗೆ ಬರಲಿ. ತ್ಯಾಮಗೊಂಡ್ಲಿನಲ್ಲಿ ಮಣ್ಣೆಯ ಶಾಸನಗಳೊಡನೆ ಅದು ಮೊದಲಾಗಲಿ. ಪಕ್ಕದಲ್ಲೇ ಮಳಖೇಡದ, ಬಾದಾಮಿಯ, ಬನವಾಸಿಯ ಚಿತ್ರಗಳಿರಲಿ. ಮಳಖೇಡದ ಮಕ್ಕಳಿಗೆ ಮಣ್ಣೆಯ ಚಿತ್ರ ಹೋಗಲಿ.

ಸರ್ಕಾರ ಏಳುವವರೆಗೆ ಕಾಯಬೇಕೆಂದಿಲ್ಲ. ಉಪಾಧ್ಯಾಯರೇ, ಈ ವರ್ಷವೇ ನಿಮ್ಮ ತರಗತಿಯನ್ನು ಮಣ್ಣೆಗೆ ನಡೆಸಿಕೊಂಡು ಹೋಗಿರಿ. ಪುರಜನರೇ, ಶಾಸನದ ಪಾಠವನ್ನು ದೊಡ್ಡ ಅಕ್ಷರಗಳಲ್ಲಿ ಬರೆಯಿಸಿ ಪೇಟೆಯ ಚೌಕದಲ್ಲಿ ನಿಲ್ಲಿಸಿರಿ. ಮಾನ್ಯಪುರದ ಮಕ್ಕಳು ತಾವು ಯಾರೆಂದು ಅರಿತ ದಿನ, ಕಾಗದದ ಮೇಲಿನ ಏಕೀಕರಣವು ಎದೆಯೊಳಕ್ಕೆ ಇಳಿಯುವುದು.